ಕೈಗೇನು ಕೆಲಸ?

ಕೇಳುಗರಿಗೆ ನಮಸ್ಕಾರ.

ನೀವು ಈಗ ಈ ಮಾತು ಕೇಳುತ್ತಾ ಏನೋ ಒಂದು ಕೆಲಸ ಮಾಡುತ್ತಿದ್ದೀರಿ ಅಂತ ನನಗೆ ಗೊತ್ತು. ಹುರುಳಿಕಾಯಿ ನಾರು ತೆಗೆಯುತ್ತಿರಬಹುದು. ಬಟ್ಟೆ ಮಡಚುತ್ತಿರಬಹುದು. ಅಂಗಡಿ ಬಾಗಿಲು ತೆಗೆದು ಕಸ ಹೊಡೆಯುತ್ತಿರಬಹುದು. ರೇಡಿಯೋಗೆ ಅದರಿಂದ ಬೇಜಾರಿಲ್ಲ. ನನ್ನ ಮುಖವನ್ನೇ ನೋಡು ಅಂತ ಅದು ಯಾವತ್ತೂ ಹಟ ಮಾಡುವುದಿಲ್ಲ. ಕಿವಿ ಅದಕ್ಕೆ, ಕೈ ನಿಮಗೆ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಚಿಕ್ಕ ಮಕ್ಕಳಿಗೆ ಆನ್‌ಲೈನ್ ಬೇಸಿಗೆ ಶಿಬಿರ ಆರಿಸುವುದು ಹೇಗೆ ಅಂತ ನಾನು ಇವತ್ತು ಹೇಳಬೇಕು. ಹದಿನೈದು ನಿಮಿಷ ಕೊಟ್ಟಿದ್ದಾರೆ. ನಿಜ ಹೇಳಬೇಕೆಂದರೆ ಇದು ಒಂದು ನಿಮಿಷದ ವಿಷಯ. ಶಿಬಿರದವರಿಗೆ ಫೋನ್ ಮಾಡಿ. ಒಂದೇ ಪ್ರಶ್ನೆ ಕೇಳಿ. 'ಕ್ಲಾಸ್ ನಡೆಯುವಾಗ ನನ್ನ ಮಗುವಿನ ಕೈಗೇನು ಕೆಲಸ?' ಉತ್ತರ ಬಂದರೆ ಮುಂದೆ ಮಾತಾಡಿ. ಬರದಿದ್ದರೆ ಫೋನ್ ಇಡಿ. ಅಷ್ಟೇ. ಉಳಿದ ಹದಿನಾಲ್ಕು ನಿಮಿಷ ಇದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತೇನೆ, ತಪ್ಪು ತಿಳಿಯಬೇಡಿ.

ನಾನು ಒಂದನೇ, ಎರಡನೇ ತರಗತಿ ಮಕ್ಕಳ ಮೇಡಂ ಆಗಿದ್ದವಳು. ನಲಿ-ಕಲಿ ಮೇಡಂ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು, ಆಮೇಲೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಆ ಕೋಣೆಯಲ್ಲಿ ಬೆಂಚಿಲ್ಲ. ಮಕ್ಕಳು ನೆಲದ ಮೇಲೆ ದುಂಡಗೆ ಗುಂಪಾಗಿ ಕೂರುತ್ತಾರೆ. ಗೋಡೆಯ ಕೆಳಭಾಗದಲ್ಲಿ ಕರಿಹಲಗೆ, ಮಕ್ಕಳ ಕೈಗೆ ಎಟುಕುವ ಹಾಗೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳು ಮಾಡಿದ್ದನ್ನೆಲ್ಲ ತೂಗುಹಾಕುತ್ತೇವೆ. ಒಬ್ಬ ಹುಣಸೆಬೀಜ ಎಣಿಸುತ್ತಿರುತ್ತಾನೆ, ಒಬ್ಬಳು ಕಾರ್ಡ್ ಹಿಡಿದು ಓದುತ್ತಿರುತ್ತಾಳೆ, ಇನ್ನೊಬ್ಬ ಸೀಮೆಸುಣ್ಣ ತಿನ್ನುತ್ತಿರುತ್ತಾನೆ. ಸದ್ದೋ ಸದ್ದು. ಹೊಸದಾಗಿ ಬಂದ ಅಧಿಕಾರಿಗಳು ಬಾಗಿಲಲ್ಲಿ ನಿಂತು, 'ಏನ್ ಮೇಡಂ ಇದು ಸಂತೆ' ಅನ್ನುತ್ತಿದ್ದರು. ಸಂತೆಯೇ ಸರ್, ಒಳಗೆ ಬನ್ನಿ ಅನ್ನುತ್ತಿದ್ದೆ. ಆರು ವರ್ಷದ ಮಗು ಕಣ್ಣಿಂದ ಕಲಿಯುವುದು ಕಮ್ಮಿ, ಕೈಯಿಂದ ಕಲಿಯುವುದು ಜಾಸ್ತಿ. ಆ ಸಂತೆಯಲ್ಲಿ ನಾನು ಕಲಿತ ಪಾಠ ಇದು.

ಈಗ ಏಪ್ರಿಲ್. ಫಲಿತಾಂಶದ ಕಾರ್ಡ್ ಕೈಗೆ ಬಂದಾಯಿತು, ಇನ್ನು ಮೇ ಕೊನೆಯವರೆಗೆ ರಜೆ. ನಿಮ್ಮ ವಾಟ್ಸಾಪ್ ತುಂಬ ಜಾಹೀರಾತು. ಮೂರರಿಂದ ಎಂಟು ವರ್ಷ. ಅಬ್ಯಾಕಸ್, ಕೋಡಿಂಗ್, ಫೋನಿಕ್ಸ್, ವೇದಗಣಿತ, ಪಬ್ಲಿಕ್ ಸ್ಪೀಕಿಂಗ್. ಮೂರು ವರ್ಷದ ಮಗುವಿಗೆ ಪಬ್ಲಿಕ್ ಸ್ಪೀಕಿಂಗ್ ಯಾಕೆ ಅಂತ ನನಗೆ ಅರ್ಥವಾಗಿಲ್ಲ. ಅದು ಆಗಲೇ ಮದುವೆಮನೆಯಲ್ಲಿ ನೂರು ಜನರ ಎದುರಿಗೆ ನಮ್ಮ ಮನೆ ಗುಟ್ಟು ಹೇಳಿ ಮುಗಿಸಿರುತ್ತದೆ!

ನಮ್ಮ ಮನೆಯ ಕತೆ ಕೇಳಿ. ನಾನಿರುವುದು ತಿಪಟೂರಿನಲ್ಲಿ. ಮಗಳು, ಅಳಿಯ ಬೆಂಗಳೂರಿನಲ್ಲಿ, ಇಬ್ಬರಿಗೂ ಕೆಲಸ. ಎರಡು ವರ್ಷದ ಹಿಂದೆ ರಜೆಗೆ ಆರು ವರ್ಷದ ಮೊಮ್ಮಗನನ್ನು ನನ್ನ ಹತ್ತಿರ ಬಿಟ್ಟು ಹೋದರು. ಜೊತೆಗೊಂದು ಲ್ಯಾಪ್‌ಟಾಪ್. 'ಅಮ್ಮಾ, ನಿನಗೆ ತೊಂದರೆ ಬೇಡ ಅಂತ ಆನ್‌ಲೈನ್ ಕ್ಯಾಂಪ್‌ಗೆ ಸೇರಿಸಿದ್ದೀನಿ, ದಿನಾ ಹತ್ತೂವರೆಗೆ ಕೂರಿಸಿಬಿಡು' ಅಂದಳು. ಕೂರಿಸಿದೆ.

ಪರದೆಯ ಮೇಲೆ ಪುಟ್ಟ ಪುಟ್ಟ ಚೌಕ. ಎಣಿಸಿದೆ, ನಲವತ್ತೆರಡು ಮಕ್ಕಳು. ಮೇಡಂ ಒಬ್ಬರೇ. ಪಾಪ, ಒಳ್ಳೆಯವರು, ಗ್ರಹಗಳ ಚಿತ್ರ ತೋರಿಸುತ್ತಾ ಮಾತಾಡುತ್ತಲೇ ಇದ್ದರು. ಎಲ್ಲ ಮಕ್ಕಳ ಮೈಕ್ ಬಂದ್. ನಮ್ಮ ಹುಡುಗ ಕಣ್ಣು ಮಿಟುಕಿಸದೆ ಕೂತಿದ್ದ. ಕೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದ. ಅಬ್ಬಾ, ಎಷ್ಟು ಗಮನ ಅಂತ ನನಗೆ ಖುಷಿಯಾಯಿತು. ಮೂರನೇ ದಿನ ಅನುಮಾನ ಬಂತು. ಬಾಯಿ ಅರ್ಧ ತೆರೆದಿದೆ, ಒಂದು ಹುಬ್ಬು ಮೇಲಿದೆ, ಹಾಗೇ ಕಲ್ಲಿನ ಥರ ಕೂತಿದ್ದಾನೆ. 'ಏನೋ ಆಯ್ತು ನಿಂಗೆ?' ಅಂದೆ. ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. 'ಅಜ್ಜಿ, ಸುಮ್ನಿರು. ನೆಟ್‌ವರ್ಕ್ ಹೋದ ಹಾಗೆ ಆಡ್ತಿದ್ದೀನಿ.'

ಹೌದು ಕಣ್ರೀ. ಚಿತ್ರ ಸಿಕ್ಕಿಹಾಕಿಕೊಂಡರೆ ಮೇಡಂ ಪ್ರಶ್ನೆ ಕೇಳುವುದಿಲ್ಲ ಅಂತ ಅವನು ಕಂಡುಹಿಡಿದಿದ್ದ. ಆ ಶಿಬಿರದಲ್ಲಿ ಅವನು ಕಲಿತದ್ದು ಅದೊಂದೇ. ಕೊನೆಗೆ ಬಣ್ಣದ ಸರ್ಟಿಫಿಕೇಟ್ ಬಂತು, ಅದರಲ್ಲಿ 'ಅತ್ಯುತ್ತಮ ಭಾಗವಹಿಸುವಿಕೆ' ಅಂತ ಇತ್ತು. ಮಗಳು ಅದನ್ನು ಸ್ಟೇಟಸ್‌ಗೆ ಹಾಕಿದಳು. ನಾನು ಬಾಯಿ ಮುಚ್ಚಿಕೊಂಡಿದ್ದೆ.

ಅವನು ಒಳಗೆ ಹೀಗೆ ಕಲ್ಲಾಗಿ ಕೂತಿದ್ದಾಗ ಹೊರಗೆ ಏನು ನಡೆಯುತ್ತಿತ್ತು ಗೊತ್ತಾ? ಅಟ್ಟದಿಂದ ಕೊಬ್ಬರಿ ಇಳಿಸುತ್ತಿದ್ದರು. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಸುಮಾರು ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಸುಲಿಯುವವರು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಲೊಡಲೊಡ ಅಂದರೆ ಕೊಬ್ಬರಿ ಆಗಿದೆ ಅಂತ. ನಮ್ಮ ಹುಡುಗ ಕಿಟಕಿಯಿಂದ ಅದನ್ನು ನೋಡುತ್ತಿದ್ದ. ಹೊರಗೆ ಹೋಗು ಅನ್ನಲು ನನಗೆ ಧೈರ್ಯವಿಲ್ಲ, ಫೀಸು ಕಟ್ಟಿದ್ದಾರಲ್ಲ.

ಮೇ ತಿಂಗಳಲ್ಲಿ ಇನ್ನೊಂದು ಶಿಬಿರ. ಮಗಳ ಸ್ನೇಹಿತೆ ಹೇಳಿದ್ದಂತೆ. ನಾನಂತೂ ಮುಖ ಗಂಟಿಕ್ಕಿಕೊಂಡೇ ಪಕ್ಕದಲ್ಲಿ ಕೂತೆ. ಇಲ್ಲಿ ಏಳೇ ಮಕ್ಕಳು. ಒಬ್ಬಳು ಶಿರಸಿಯ ಹುಡುಗಿ, ಒಬ್ಬ ಶಾರ್ಜಾದಲ್ಲಿರುವ ಕನ್ನಡದವರ ಮಗ, ಉಳಿದವರು ಬೆಂಗಳೂರು, ಹುಬ್ಬಳ್ಳಿ. ಹೇಳಿಕೊಡುವ ಹುಡುಗಿಗೆ ಇಪ್ಪತ್ತೈದು ವರ್ಷ ಇರಬಹುದು, ಮಕ್ಕಳೆಲ್ಲ ಅಕ್ಕ ಅನ್ನುತ್ತಿದ್ದರು. ಅವಳು ನಮಸ್ಕಾರ ಹೇಳಿ, 'ಎಲ್ಲರೂ ಎದ್ದು ಹೋಗಿ, ಮನೆಯಲ್ಲಿ ಸದ್ದು ಮಾಡುವ ಮೂರು ಸಾಮಾನು ತನ್ನಿ. ಒಂದು ಜೋರು ಸದ್ದು, ಒಂದು ಮೆತ್ತಗಿನ ಸದ್ದು, ಒಂದು ಹೆಸರೇ ಗೊತ್ತಿಲ್ಲದ ಸದ್ದು' ಅಂದಳು.

ಅಂದದ್ದೇ ತಡ, ಏಳೂ ಮಕ್ಕಳು ಮಾಯ. ಪರದೆಯ ಮೇಲೆ ಏಳು ಖಾಲಿ ಕುರ್ಚಿ. ನಾಲ್ಕು ನಿಮಿಷ ಹಾಗೇ ಇತ್ತು. ಒಂದು ಕುರ್ಚಿಗೆ ಬೆಕ್ಕು ಬಂದು ಕೂತಿತು. ಆ ಹುಡುಗಿ ಗಾಬರಿಯಾಗಲಿಲ್ಲ, ನೀರು ಕುಡಿಯುತ್ತಾ ಕಾಯುತ್ತಿದ್ದಳು. ಮುವ್ವತ್ತು ವರ್ಷ ಪಾಠ ಮಾಡಿದವಳು ನಾನು, ಆ ಖಾಲಿ ಕುರ್ಚಿಗಳನ್ನು ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಇದು ಕ್ಲಾಸು ಅಂದರೆ!

ನಮ್ಮವನು ಸ್ಟೀಲ್ ತಟ್ಟೆ ತಂದ. ಸಾಸಿವೆ ಡಬ್ಬಿ ತಂದ, ಮುಚ್ಚಳ ಸಡಿಲ ಇತ್ತು, ಅದರ ಸುದ್ದಿ ಬೇಡ. ಅಂಗಳಕ್ಕೆ ಓಡಿ ಒಂದು ಕೊಬ್ಬರಿಕಾಯಿ ತಂದ. ಅಕ್ಕ ಎಲ್ಲರಿಗೂ ಕಣ್ಣು ಮುಚ್ಚಿಕೊಳ್ಳಿ ಅಂದಳು. ಇವನು ಸಾಸಿವೆ ಅಲ್ಲಾಡಿಸಿದ. ಶಾರ್ಜಾದ ಹುಡುಗ 'ಎ.ಸಿ.!' ಅಂದ. ಶಿರಸಿಯ ಹುಡುಗಿ 'ಹಂಚಿನ ಮೇಲೆ ಮಳೆ' ಅಂದಳು. 'ಹಂಚು ಅಂದ್ರೇನು?' ಅಂತ ಶಾರ್ಜಾದವನು ಕೇಳಿದ. ಅವಳು ಮೊಬೈಲ್ ಎತ್ತಿಕೊಂಡು ಜಗಲಿಗೆ ಹೋಗಿ ಮನೆಯ ಹಂಚಿನ ಚಾವಣಿ ತೋರಿಸಿದಳು. ಆಮೇಲೆ ಇವನು ಕೊಬ್ಬರಿಕಾಯಿ ಅಲ್ಲಾಡಿಸಿದ. ಯಾರಿಗೂ ಗೊತ್ತಾಗಲಿಲ್ಲ. 'ಒಳಗೆ ಏನಿದೆ?' ಅಂತ ಅಕ್ಕ ಕೇಳಿದಳು. ಇವನಿಗೂ ಗೊತ್ತಿಲ್ಲ. 'ನನಗೂ ಗೊತ್ತಿಲ್ಲಪ್ಪ, ನಾಳೆ ನೀನೇ ಹೇಳು' ಅಂದಳು. ಅವಳಿಗೆ ಖಂಡಿತ ಗೊತ್ತಿತ್ತು. ಒಳ್ಳೆಯ ಮೇಡಂಗಳು ಇಂಥ ಸುಳ್ಳು ಹೇಳಲೇಬೇಕು.

ಕ್ಲಾಸು ಮುಗಿದದ್ದು 35 ನಿಮಿಷಕ್ಕೆ. ಆಮೇಲೆ ಅವನು ಎರಡು ಗಂಟೆ ಒಳಗೆ ಬರಲಿಲ್ಲ. ಸುಲಿಯುವವರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಚಿಪ್ಪು ಒಡೆಸಿ, ಉಂಡೆ ಕೊಬ್ಬರಿ ಹೊರಗೆ ಬಂದಾಗ 'ಅಜ್ಜಿ, ಒಳಗೆ ಚೆಂಡಿದೆ!' ಅಂತ ಕೂಗಿದ. ನೋಡಿ, ಮೊದಲಿನ ಶಿಬಿರ ಅಂಗಳದಿಂದ ಅವನನ್ನು ಒಳಗೆ ಎಳೆದಿತ್ತು. ಎರಡನೆಯದು ಅದೇ ಅಂಗಳಕ್ಕೆ ಅಟ್ಟಿತು. ಎರಡೂ ಆನ್‌ಲೈನೇ. ಅದೇ ಲ್ಯಾಪ್‌ಟಾಪು. ವ್ಯತ್ಯಾಸ ಇಷ್ಟೇ, ಕೈಗೇನು ಕೆಲಸ?

ಅದಕ್ಕೇ ಮೊದಲು ರೇಡಿಯೋ ವಿಷಯ ಹೇಳಿದ್ದು. ಒಳ್ಳೆಯ ಆನ್‌ಲೈನ್ ಶಿಬಿರ ಟಿ.ವಿ.ಯ ಹಾಗಿರುವುದಿಲ್ಲ, ರೇಡಿಯೋ ಹಾಗಿರುತ್ತದೆ. ಹೇಳುವುದು ಅಲ್ಲಿ, ಮಾಡುವುದು ಇಲ್ಲಿ.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಮೊಮ್ಮಗನ ಕತೆಯಲ್ಲೇ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳಿಬಿಡುತ್ತೇನೆ.

ಎಷ್ಟು ಹೊತ್ತು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಪರದೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಮ್ಮಿಯಾದಷ್ಟೂ ಒಳ್ಳೆಯದು. ಆ ಗಂಟೆಯೊಳಗೆ ನೀವು ಊಟ ಮಾಡಿಸಲು ಹಾಕುವ ಕಾರ್ಟೂನೂ ಸೇರಿತು, ನೆನಪಿರಲಿ. ಎರಡು ವರ್ಷದ ಒಳಗಿನ ಮಗುವಿಗೆ ಶಿಬಿರ ಅಂತ ಯಾರಾದರೂ ಬಂದರೆ ನೀರು ಮಜ್ಜಿಗೆ ಕೊಟ್ಟು ಕಳಿಸಿ. 2020ರಲ್ಲಿ ಕೊರೊನಾ ಕಾಲದಲ್ಲಿ ಕೇಂದ್ರದವರು 'ಪ್ರಜ್ಞಾತಾ' ಅಂತ ಮಾರ್ಗಸೂಚಿ ತಂದಾಗ, ಶಾಲೆಗೆ ಸೇರುವ ಮುಂಚಿನ ಮಕ್ಕಳಿಗೆ 30 ನಿಮಿಷ ಸಾಕು ಅಂದಿದ್ದರು. ಅದೇ ವರ್ಷ ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಎಲ್‌ಕೆಜಿಯಿಂದ 5ನೇ ತರಗತಿವರೆಗೆ ಆನ್‌ಲೈನ್ ಪಾಠವೇ ಬೇಡ ಅಂದಿತು, ಮುಂದಿನ ತಿಂಗಳು ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಬೇಕೋ ಬೇಡವೋ ಅಂತ ಆವತ್ತು ಎಲ್ಲರೂ ಜಗಳ ಆಡಿದರು. ಮಗು ಆ ಹೊತ್ತಲ್ಲಿ ಏನು ಮಾಡುತ್ತದೆ ಅಂತ ಕೇಳಿದವರು ಎಲ್ಲೋ ಒಬ್ಬರೋ ಇಬ್ಬರೋ.

ಗುಂಪು ಚಿಕ್ಕದಿರಲಿ. ಹತ್ತು ದಾಟಿದರೆ ಬೇಡ. ನಲವತ್ತು ಮಕ್ಕಳ ಕೈ ನೋಡಲು ಯಾರಿಂದಲೂ ಆಗುವುದಿಲ್ಲ, ನನ್ನಿಂದಲೂ ಆಗುತ್ತಿರಲಿಲ್ಲ.

ಸಾಮಾನಿನ ಪಟ್ಟಿ ಕೇಳಿ. ಹಳೇ ಪೇಪರು, ಗೋಂದು, ರಾಗಿಹಿಟ್ಟು, ದಾರ, ಎಲೆ ಅಂತ ಬರೆದಿದ್ದರೆ ಒಳ್ಳೆಯ ಲಕ್ಷಣ. 'ಲ್ಯಾಪ್‌ಟಾಪ್ ಮತ್ತು ಹೆಡ್‌ಫೋನ್' ಅಂತ ಮಾತ್ರ ಇದ್ದರೆ ನಿಮಗೆ ಉತ್ತರ ಸಿಕ್ಕಿತು. ಎರಡು ಸಾವಿರದ ಕಿಟ್ ಕೊಳ್ಳಲೇಬೇಕು ಅಂದರೂ ಬೇಡ.

ದುಡ್ಡಿನ ವಿಷಯ. ಒಂದು ಕ್ಲಾಸು ಪುಕ್ಕಟೆ ನೋಡಲು ಬಿಡದವರಿಗೆ ಕಟ್ಟಬೇಡಿ. ಶಿಬಿರ ಫ್ರೀ, ಆದರೆ ವರ್ಷದ ಪ್ಯಾಕೇಜ್ ತಗೊಳ್ಳಿ, ಇ.ಎಂ.ಐ. ಇದೆ ಅನ್ನುತ್ತಾರಲ್ಲ, ಅವರ ಫೋನ್ ಎತ್ತಲೇಬೇಡಿ. ಆ ಪುಕ್ಕಟೆ ಕ್ಲಾಸಿನಲ್ಲಿ ಹೇಳಿಕೊಡುವವರ ಮುಖ ನೋಡಬೇಡಿ, ನಿಮ್ಮ ಮಗುವಿನ ಕೈ ನೋಡಿ. ಹತ್ತು ನಿಮಿಷ ಕೈ ಖಾಲಿ ಇದ್ದರೆ ಎದ್ದು ಬನ್ನಿ.

ಮಕ್ಕಳ ವಿಡಿಯೋ ರೆಕಾರ್ಡ್ ಮಾಡುತ್ತೀರಾ, ಜಾಹೀರಾತಿಗೆ ಹಾಕುತ್ತೀರಾ ಅಂತ ಕೇಳಿ. 2023ರ ದತ್ತಾಂಶ ರಕ್ಷಣೆ ಕಾಯಿದೆ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು. ಕೇಳಲು ಸಂಕೋಚ ಬೇಡ.

ಭಾಷೆ. ಇಂಗ್ಲಿಷಿನಲ್ಲಿದ್ದರೆ ಮಾತ್ರ ಶಿಬಿರ ಅಂದುಕೊಳ್ಳಬೇಡಿ. ಮಗು ಮನೆಯಲ್ಲಿ ಆಡುವ ಮಾತಲ್ಲಿ ಹೇಳಿದರೆ ಕೈ ಬೇಗ ಓಡುತ್ತದೆ. 'ಹಂಚು ಅಂದ್ರೇನು' ಅನ್ನುವ ಪ್ರಶ್ನೆ ಹುಟ್ಟಿದ್ದು ಕನ್ನಡದ ಕ್ಲಾಸಿನಲ್ಲಿ, ಅಲ್ವಾ?

ಇನ್ನು ಅಜ್ಜ ಅಜ್ಜಿಯರಿಗೆ ಒಂದು ಮಾತು. ಮಗುವನ್ನು ಕೂರಿಸಿ ನೀವು ಧಾರಾವಾಹಿಗೆ ಹೋಗಬೇಡಿ. ಪಕ್ಕದಲ್ಲಿರಿ. ಆದರೆ ಉತ್ತರ ಹೇಳಿಕೊಡಬೇಡಿ. ಕತ್ತರಿ ಕಸಿದುಕೊಂಡು ನೀವೇ ಚೆಂದ ಕತ್ತರಿಸಿ ಕೊಡಬೇಡಿ. ಸೊಟ್ಟಗಿರಲಿ. ಇದು ನನಗೆ ನಾನೇ ಹೇಳಿಕೊಳ್ಳುವುದು ಕೂಡ.

ಶಿಬಿರಕ್ಕೆ ದುಡ್ಡಿಲ್ಲದಿದ್ದರೆ ಏನೂ ಕೊರಗಬೇಡಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಊರ ಗ್ರಂಥಾಲಯದಲ್ಲಿ, ಮಕ್ಕಳ ಬೇಸಿಗೆ ಶಿಬಿರ ಇದೆಯಾ ವಿಚಾರಿಸಿ. ಮೈಸೂರಿನವರಿಗೆ ರಂಗಾಯಣದ ಚಿಣ್ಣರ ಮೇಳ, ಅದೇ ಮಕ್ಕಳ ಬೇಸಿಗೆ ನಾಟಕ ಶಿಬಿರ, ನಾನು ಹೇಳಬೇಕಾಗಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಒಂದು ಕತೆ ಓದಿ, ಮೊಬೈಲ್ ಮುಚ್ಚಿಟ್ಟು, ಅದರಲ್ಲಿ ಬಂದ ಆನೆಯನ್ನು ಚಪಾತಿ ಹಿಟ್ಟಲ್ಲಿ ಮಾಡಿಸಿ.

ನಮ್ಮ ಮೊಮ್ಮಗನಿಗೆ ಈಗ ಎಂಟು ವರ್ಷ. ಮೊನ್ನೆ ಫೋನ್ ಮಾಡಿದ್ದ. ಈ ಸಲ ಯಾವ ಕ್ಯಾಂಪ್ ಅಂತ ನಾನು ಕೇಳುವ ಮುಂಚೆಯೇ, 'ಅಜ್ಜಿ, ಕಾಯಿ ಇಳಿಸುವಾಗ ನನ್ನನ್ನೂ ಅಟ್ಟ ಹತ್ತಿಸ್ತೀಯಾ?' ಅಂದ. ಹೂಂ ಅಂದಿದ್ದೀನಿ. ಏಣಿಯ ಎರಡು ಮೆಟ್ಟಿಲು ಅಲ್ಲಾಡುತ್ತಿವೆ, ಅವನು ಬರುವುದರೊಳಗೆ ಸರಿ ಮಾಡಿಸಬೇಕು.

ನಮಸ್ಕಾರ.