ಕನೆಕ್ಟರ್‌ಗೆ ಹೆಸರಿಡೋ ಮುಂಚೆ

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ನಾನು ಮಾತಾಡ್ತಿರೋದು ಯಾರ ಜೊತೆ ಅಂದ್ರೆ, ಆಫೀಸಲ್ಲಿ ಹೊಸದಾಗಿ ಕಾಫ್ಕಾ ಕನ್ಸೋಲ್‌ಗೆ ಲಾಗಿನ್ ಸಿಕ್ಕಿದೆ, ಬ್ರೌಸರ್ ತೆಗೆದ್ರೆ ಪಕ್ಕದಲ್ಲಿ ಕನೆಕ್ಟ್ ಅಂತ ಒಂದು ಮೆನು ಕಾಣತ್ತೆ, ಒಳಗೆ ಆಡ್ ಕನೆಕ್ಟರ್ ಅನ್ನೋ ಬಟನ್ ಇದೆ, ಮೇಲಿನೋರು ಬಂದು "ಆರ್ಡರ್ ಡೇಟಾ ಎಲ್ಲ ರಿಪೋರ್ಟಿಂಗ್ ಡೇಟಾಬೇಸ್‌ಗೆ ಬರ್ಬೇಕು, ಬೇಗ ಮಾಡ್ಬಿಡಿ" ಅಂತ ಹೇಳಿ ಹೋಗಿದಾರೆ, ಅಂಥೋರ ಜೊತೆ. ಬಟನ್ ಒತ್ತೋದು ಕಷ್ಟ ಅಲ್ಲ. ಫಾರ್ಮ್ ತುಂಬೋದೂ ಅಂಥ ಕಷ್ಟ ಏನಲ್ಲ. ನಾನು ಇವತ್ತು ಒಂದೇ ಒಂದು ಮಾತು ಹೇಳೋಕೆ ಬಂದಿದೀನಿ. ಆ ಫಾರ್ಮ್‌ನಲ್ಲಿ ಹೆಸರು ಅಂತ ಒಂದು ಖಾನೆ ಇರತ್ತಲ್ಲ, ಎಲ್ರೂ ಏನೋ ಒಂದು ಬರೆದು ಮುಂದೆ ಹೋಗ್ತಾರಲ್ಲ, ಅದನ್ನ ಯೋಚನೆ ಮಾಡಿ ತುಂಬಿ, ತುಂಬಿದ್ಮೇಲೆ ಬದಲಾಯಿಸೋಕೆ ಹೋಗ್ಬೇಡಿ.

ಸ್ವಲ್ಪ ಹಿನ್ನೆಲೆ ಹೇಳ್ಬಿಡ್ತೀನಿ. ಕಾಫ್ಕಾ ಹುಟ್ಟಿದ್ದು ಲಿಂಕ್ಡ್‌ಇನ್ ಕಂಪನಿ ಒಳಗೆ, 2011ರಲ್ಲಿ ಅದು ಓಪನ್ ಸೋರ್ಸ್ ಆಯ್ತು, ಆಮೇಲೆ ಅಪಾಚೆ ಪ್ರಾಜೆಕ್ಟ್ ಆಯ್ತು. ಕೆಲಸ ಏನಪ್ಪಾ ಅಂದ್ರೆ ಒಂದು ಕಡೆಯಿಂದ ಬರೋ ಸಂದೇಶಗಳನ್ನ ಬಂದ ಕ್ರಮದಲ್ಲೇ ಟಾಪಿಕ್ ಅನ್ನೋದರಲ್ಲಿ ಬರೆದಿಟ್ಕೊಂಡು, ಬೇಕಾದೋರಿಗೆಲ್ಲ ಓದೋಕೆ ಕೊಡೋದು. ಆದ್ರೆ ಡೇಟಾಬೇಸ್‌ನಿಂದ ತೆಗೆದು ಟಾಪಿಕ್‌ಗೆ ಹಾಕೋದು ಯಾರು, ಟಾಪಿಕ್‌ನಿಂದ ತೆಗೆದು ಇನ್ನೊಂದು ಡೇಟಾಬೇಸ್‌ಗೆ ಹಾಕೋದು ಯಾರು? ಮೊದಲು ಪ್ರತಿಯೊಂದು ಟೀಮೂ ಅದಕ್ಕೆ ತನ್ನದೇ ಪ್ರೋಗ್ರಾಮ್ ಬರೀತಿತ್ತು, ಬರೆದೋರು ಕೆಲಸ ಬಿಟ್ಟು ಹೋದ್ಮೇಲೆ ಅದನ್ನ ಮುಟ್ಟೋಕೆ ಯಾರಿಗೂ ಧೈರ್ಯ ಇರ್ತಿರ್ಲಿಲ್ಲ. 2015ರಲ್ಲಿ ಕಾಫ್ಕಾ 0.9 ಬಂತು ನೋಡಿ, ಅದರ ಜೊತೆ ಕಾಫ್ಕಾ ಕನೆಕ್ಟ್ ಬಂತು. ಅಲ್ಲಿಂದ ಕೋಡ್ ಬರೆಯೋ ಕೆಲಸ ಹೋಗಿ ಸೆಟ್ಟಿಂಗ್ ತುಂಬೋ ಕೆಲಸ ಆಯ್ತು. ಡೇಟಾನ ಕಾಫ್ಕಾ ಒಳಗೆ ತರೋದು ಸೋರ್ಸ್ ಕನೆಕ್ಟರ್, ಹೊರಗೆ ತಗೊಂಡು ಹೋಗೋದು ಸಿಂಕ್ ಕನೆಕ್ಟರ್, ಇಷ್ಟೇ.

ಇನ್ನು ನೀವು ನೋಡ್ತಿರೋ ಕನ್ಸೋಲ್. ಕಂಟ್ರೋಲ್ ಸೆಂಟರ್ ಇರ್ಲಿ, ಎಕೆಎಚ್‌ಕ್ಯೂ ಇರ್ಲಿ, ರೆಡ್‌ಪಾಂಡಾ ಕನ್ಸೋಲ್ ಇರ್ಲಿ, ಬಣ್ಣ ಬೇರೆ ಬೇರೆ, ಕೆಲಸ ಒಂದೇ. ನೀವು ತುಂಬಿದ ಖಾನೆಗಳನ್ನೆಲ್ಲ ಜೇಸನ್ ಅನ್ನೋ ಪಠ್ಯ ರೂಪಕ್ಕೆ ತಂದು, ಕನೆಕ್ಟರ್‌ಗಳನ್ನ ಓಡಿಸೋ ಕನೆಕ್ಟ್ ವರ್ಕರ್ ಅನ್ನೋ ಪ್ರೋಗ್ರಾಮ್‌ನ ರೆಸ್ಟ್ ಎಪಿಐಗೆ, ಅಂದ್ರೆ ಬೇರೆ ಪ್ರೋಗ್ರಾಮ್‌ಗಳು ಅದಕ್ಕೆ ಆದೇಶ ಕಳಿಸೋ ಬಾಗಿಲಿಗೆ, ಸಾಮಾನ್ಯವಾಗಿ 8083ನೇ ಪೋರ್ಟ್‌ಗೆ, ಕಳಿಸತ್ತೆ. ಖಾನೆ ಖಾಲಿ ಬಿಟ್ರೆ, ತಪ್ಪು ಬೆಲೆ ಹಾಕಿದ್ರೆ ಕೆಂಪು ಅಕ್ಷರದಲ್ಲಿ ಬೈಯತ್ತಲ್ಲ, ಅದೂ ಕನ್ಸೋಲ್‌ನ ಬುದ್ಧಿ ಅಲ್ಲ, ಹಿಂದಗಡೆ ಇರೋ ವರ್ಕರ್ ಪರೀಕ್ಷೆ ಮಾಡಿ ಹೇಳಿದ್ದು. ಆದ್ರೆ ಹೆಸರಿನ ಬಗ್ಗೆ ಯಾರೂ ಬೈಯಲ್ಲ. ಟೆಸ್ಟ್ ಅಂತ ಹಾಕಿ, ನ್ಯೂ ಅಂತ ಹಾಕಿ, ಒಪ್ಕೊಳತ್ತೆ. ತೊಂದರೆ ಶುರುವಾಗೋದು ಅಲ್ಲೇ.

ಯಾಕೆ ಅಂತ ಕೇಳಿ. ಕನೆಕ್ಟರ್ ತಾನು ಎಲ್ಲಿವರೆಗೆ ಓದಿದೆ ಅಂತ ಒಂದು ಲೆಕ್ಕ ಇಟ್ಕೊಳತ್ತೆ, ಅದಕ್ಕೆ ಆಫ್‌ಸೆಟ್ ಅಂತೀವಿ, ಪುಸ್ತಕ ಓದ್ತಾ ಓದ್ತಾ ಮಧ್ಯೆ ಇಟ್ಟ ಚೀಟಿ ಇದ್ದ ಹಾಗೆ. ಆ ಚೀಟಿ ಮೇಲೆ ಏನು ಬರೆದಿರತ್ತೆ? ಕನೆಕ್ಟರ್‌ನ ಹೆಸರು. ಸಿಂಕ್ ಆದ್ರೆ ಕಾಫ್ಕಾದಲ್ಲಿ ಕನ್ಸ್ಯೂಮರ್ ಗ್ರೂಪ್, ಅಂದ್ರೆ ಟಾಪಿಕ್‌ನ ಹಂಚ್ಕೊಂಡು ಓದೋರ ಗುಂಪು, ಒಂದು ಹುಟ್ಕೊಳತ್ತೆ, ಅದರ ಹೆಸರು ಮೊದಲು ಕನೆಕ್ಟ್, ಒಂದು ಸಣ್ಣ ಗೆರೆ, ಆಮೇಲೆ ನೀವಿಟ್ಟ ಹೆಸರು. ಸೋರ್ಸ್ ಆದ್ರೆ ಕನೆಕ್ಟ್‌ನ ಆಫ್‌ಸೆಟ್ ಟಾಪಿಕ್‌ನಲ್ಲಿ ನೀವಿಟ್ಟ ಹೆಸರಿನ ಕೆಳಗೆ ಲೆಕ್ಕ ಕೂತಿರತ್ತೆ. ಕನ್ಸೋಲ್‌ನಲ್ಲಿ ಡಿಲೀಟ್ ಒತ್ತಿದ್ರೆ ಕನೆಕ್ಟರ್ ಹೋಗತ್ತೆ, ಚೀಟಿ ಹೋಗಲ್ಲ. ಅದೇ ಹೆಸರಲ್ಲಿ ಮತ್ತೆ ಹುಟ್ಟಿಸಿದ್ರೆ ನಿಂತಲ್ಲಿಂದಲೇ ಓದತ್ತೆ, ಬೇರೆ ಹೆಸರಲ್ಲಿ ಹುಟ್ಟಿಸಿದ್ರೆ ಏನೂ ಗೊತ್ತಿಲ್ಲದ ಹಾಗೆ ಮೊದಲಿಂದ ಓದತ್ತೆ. ಇದನ್ನ ಇನ್ನೊಂದ್ಸಲ ಹೇಳ್ತೀನಿ ಕೇಳಿ: ಹೆಸರು ಬದಲಾದ್ರೆ ಓದೋದು ಮೊದಲಿಂದ.

ಇದು ಎಷ್ಟು ದುಬಾರಿ ಅಂತ ಗೊತ್ತಾಗ್ಬೇಕಾದ್ರೆ ಒಂದು ಟೀಮ್‌ನಲ್ಲಿ ನಡೆದಿದ್ದು ಹೇಳ್ಬೇಕು. ಅವರದ್ದು ಆರ್ಡರ್ಸ್ ಅಂತ ಒಂದು ಟಾಪಿಕ್, ಅದರಿಂದ ರಿಪೋರ್ಟಿಂಗ್ ಡೇಟಾಬೇಸ್‌ನ ಒಂದು ಟೇಬಲ್‌ಗೆ ಬರೆಯೋ ಜೆಡಿಬಿಸಿ ಸಿಂಕ್. ತಿಂಗಳುಗಟ್ಟಲೆ ಚೆನ್ನಾಗೇ ನಡೀತಿತ್ತು, ಯಾರೂ ಕನ್ಸೋಲ್ ಕಡೆ ತಲೆ ಹಾಕಿರ್ಲಿಲ್ಲ. ಒಂದಿನ ಯಾರೋ ಏನನ್ನೋ ಪರೀಕ್ಷೆ ಮಾಡೋಕೆ ಕಮ್ಯಾಂಡ್ ಲೈನ್‌ನಿಂದ ಅದೇ ಟಾಪಿಕ್‌ಗೆ ಟೆಸ್ಟ್ ಅಂತ ಬರೀ ಒಂದು ಪದ ಕಳಿಸಿದಾರೆ. ಸಿಂಕ್‌ಗೆ ಬೇಕಾಗಿರೋದು ಜೇಸನ್, ಸಿಕ್ಕಿದ್ದು ಒಂದು ಪದ, ಓದೋಕಾಗದೆ ಟಾಸ್ಕ್, ಅಂದ್ರೆ ಕನೆಕ್ಟರ್ ಒಳಗೆ ಡೇಟಾ ಹೊರೋ ಭಾಗ, ಬಿದ್ದೋಯ್ತು. ಕನ್ಸೋಲ್‌ನಲ್ಲಿ ಟಾಸ್ಕ್ ಫೇಲ್ಡ್ ಅಂತ ತೋರಿಸ್ತಿದೆ, ಬಿಚ್ಚಿ ನೋಡಿದ್ರೆ ಮೇಲಿನ ಸಾಲಲ್ಲಿ "ಟಾಲರೆನ್ಸ್ ಎಕ್ಸೀಡೆಡ್ ಇನ್ ಎರರ್ ಹ್ಯಾಂಡ್ಲರ್" ಅಂತ ಇದೆ. ಅದನ್ನ ಓದಿ ಏನೂ ಅರ್ಥ ಆಗಲ್ಲ, ಆಗೋದೂ ಬೇಡ, ಕೆಳಗೆ ಇಳಿದು "ಕಾಸ್ಡ್ ಬೈ" ಅನ್ನೋ ಕೊನೇ ಸಾಲಿಗೆ ಹೋಗ್ಬೇಕು, ಅಲ್ಲಿ ಸ್ಪಷ್ಟವಾಗಿ ಬರೆದಿತ್ತು, ಟೆಸ್ಟ್ ಅನ್ನೋ ಪದ ಗುರುತು ಸಿಗ್ತಿಲ್ಲ ಅಂತ. ಅಲ್ಲಿವರೆಗೆ ಯಾರೂ ಇಳೀಲಿಲ್ಲ.

ಮೊದಲು ರೀಸ್ಟಾರ್ಟ್ ಒತ್ತಿದ್ರು, ಅದೇ ಸಂದೇಶದ ಹತ್ರ ಬಂದು ಮತ್ತೆ ಬಿತ್ತು. ಆಮೇಲೆ ಡಿಲೀಟ್ ಮಾಡಿ ಅದೇ ಹೆಸರಲ್ಲಿ ಹೊಸದಾಗಿ ಮಾಡಿದ್ರು, ಚೀಟಿ ಅಲ್ಲೇ ಇದೆಯಲ್ಲ, ಅದೇ ಜಾಗಕ್ಕೆ ಬಂದು ಮತ್ತೆ ಬಿತ್ತು. ಆಗ ಅವರಿಗೆ ಅನ್ನಿಸಿದ್ದು, ಈ ಹೆಸರಲ್ಲೇ ಏನೋ ಕೆಟ್ಟು ಕೂತಿದೆ, ಹೆಸರು ಬದಲಾಯಿಸಿ ನೋಡೋಣ ಅಂತ. ಹಳೇ ಹೆಸರಿನ ಕೊನೆಗೆ 2 ಅಂತ ಸೇರಿಸಿ ಲಾಂಚ್ ಕೊಟ್ರು. ಏನಾಶ್ಚರ್ಯ, ಓಡೋಕೆ ಶುರುವಾಯ್ತು, ಟೇಬಲ್‌ಗೆ ಸಾಲುಗಳು ಸುರೀತಿವೆ, ಎಲ್ರೂ ಖುಷಿಯಾಗಿ ಊಟಕ್ಕೆ ಎದ್ದು ಹೋದ್ರು. ಅದು ಓಡ್ತಿದ್ದಿದ್ದು ಹಳೇ ದಾರಿಯಲ್ಲಿ. ನಾವು ಬೇರೆ ಹೇಳದೆ ಇದ್ರೆ ಕಾಫ್ಕಾ ಸಂದೇಶಗಳನ್ನ 168 ಗಂಟೆ, ಅಂದ್ರೆ ಒಂದು ವಾರ ಇಟ್ಕೊಂಡಿರತ್ತೆ, ಆ ವಾರದ್ದೆಲ್ಲ ಮೊದಲಿಂದ ಓದಿ ಟೇಬಲ್‌ಗೆ ಎರಡನೇ ಸಲ ಬರೀತಿತ್ತು, ಬರೀತಾ ಬರೀತಾ ಅದೇ ಟೆಸ್ಟ್ ಅನ್ನೋ ಪದದ ಹತ್ರ ಬಂದು ಮತ್ತೆ ಬಿತ್ತು. ವಾಪಸ್ ಬಂದು ನೋಡಿದ್ರೆ ಫೇಲ್ಡ್. ಕೊನೆಗೆ 3 ಅಂತ ಸೇರಿಸಿ ಇನ್ನೊಂದು ಮಾಡಿದ್ರು.

ರಿಪೋರ್ಟ್ ನೋಡೋರು ಫೋನ್ ಮಾಡಿದ್ಮೇಲೆ ಗೊತ್ತಾಯ್ತು, ವಾರದ ಮಾರಾಟ ಮೂರು ಪಟ್ಟು ಕಾಣ್ತಿದೆ ಅಂತ. ಟೇಬಲ್‌ನ ಹುಟ್ಟಿಸಿದ್ದು ಕನೆಕ್ಟರೇ, ಅದಕ್ಕೆ ಪ್ರೈಮರಿ ಕೀ, ಅಂದ್ರೆ ಒಂದೊಂದು ಸಾಲನ್ನೂ ಬೇರೆ ಅಂತ ಗುರುತಿಸೋ ಕಾಲಂ, ಇರ್ಲಿಲ್ಲ, ಇನ್ಸರ್ಟ್ ಮೋಡ್ ಅನ್ನೋ ಖಾನೆ ಹಾಗೇ ಬಿಟ್ಟಿದ್ರಿಂದ ಬರೀ ಇನ್ಸರ್ಟ್, ಅಂದ್ರೆ ಪ್ರತಿ ಸಲ ಹೊಸ ಸಾಲು, ಹಾಗಾಗಿ ಒಂದೇ ಆರ್ಡರ್ ಮೂರು ಸಾಲಾಗಿ ಕೂತಿತ್ತು, ಮೂರೂ ಅಕ್ಷರ ವ್ಯತ್ಯಾಸ ಇಲ್ಲದೆ ಒಂದೇ ಥರ. ಯಾವುದು ಮೊದಲು ಬಂದಿದ್ದು ಅಂತ ಹೇಳೋಕೆ ಒಂದು ಕಾಲಂ ಕೂಡ ಇಲ್ಲ. ಅದನ್ನ ಶುಚಿ ಮಾಡೋಕೆ ಹಿಡಿದ ಹೊತ್ತು, ಅಷ್ಟರಲ್ಲಿ ತಪ್ಪು ಅಂಕಿ ನೋಡಿ ತಗೊಂಡ ತೀರ್ಮಾನಗಳು, ಎಲ್ಲದಕ್ಕೂ ಮೂಲ ಆ ಒಂದು ಅಂಕಿ, ಹೆಸರಿನ ಕೊನೆಗೆ ಸೇರಿಸಿದ 2. ಇದನ್ನ ಕೇಳಿದಾಗೆಲ್ಲ ನನಗೆ ಸಂಕಟ ಆಗತ್ತೆ, ಯಾಕಂದ್ರೆ ಅವರು ದಡ್ಡರಲ್ಲ, ಒಳ್ಳೇ ಇಂಜಿನಿಯರ್‌ಗಳು, ಇಷ್ಟು ಹೇಳಿಕೊಡೋರು ಯಾರೂ ಇರ್ಲಿಲ್ಲ ಅಷ್ಟೇ.

ಏನು ಮಾಡ್ಬೇಕಿತ್ತು? ಹೆಸರು ಹಾಗೇ ಇಟ್ಕೊಂಡು ಅದೇ ಕನೆಕ್ಟರ್‌ನ ಸೆಟ್ಟಿಂಗ್ಸ್ ತೆರೀಬೇಕಿತ್ತು. ಎರರ್ಸ್ ಡಾಟ್ ಟಾಲರೆನ್ಸ್ ಅನ್ನೋದು ತಾನಾಗೇ "ನನ್", ಇಂಗ್ಲಿಷ್‌ನಲ್ಲಿ ಯಾವುದೂ ಇಲ್ಲ ಅನ್ನೋ ಪದ, ಅಂತ ಇರತ್ತೆ, ಅಂದ್ರೆ ಒಂದು ತಪ್ಪೂ ಸಹಿಸಲ್ಲ. ಅದನ್ನ ಆಲ್ ಅಂತ ಮಾಡಿ, ಪಕ್ಕದಲ್ಲೇ ಡೆಡ್ ಲೆಟರ್ ಕ್ಯೂ ಟಾಪಿಕ್ ಅಂತ ಕೇಳೋ ಕಡೆ ಒಂದು ಟಾಪಿಕ್ ಹೆಸರು ಕೊಡಿ. ಈಗ ಓದೋಕಾಗದ ಸಂದೇಶ ಬಂದ್ರೆ ಅದನ್ನ ಎತ್ತಿ ಆ ಟಾಪಿಕ್‌ಗೆ ಹಾಕಿ ಮುಂದೆ ಹೋಗತ್ತೆ. ಕ್ಯೂ ಕೊಡದೆ ಬರೀ ಆಲ್ ಮಾತ್ರ ಹಾಕಿದ್ರೆ ಕೆಟ್ಟ ಸಂದೇಶ ಸದ್ದಿಲ್ಲದೆ ಮಾಯ ಆಗತ್ತೆ, ಅದು ಇನ್ನೂ ಅಪಾಯ, ಹಾಗೆ ಮಾತ್ರ ಮಾಡ್ಬೇಡಿ. ಹೆಡರ್ಸ್ ಎನೇಬಲ್ ಅಂತ ಇನ್ನೊಂದು ಇದೆ, ಅದನ್ನ ಟ್ರೂ ಮಾಡಿದ್ರೆ ಯಾವ ಟಾಪಿಕ್, ಯಾವ ಪಾರ್ಟಿಷನ್ ಅಂದ್ರೆ ಟಾಪಿಕ್‌ನ ಯಾವ ಭಾಗ, ಎಷ್ಟನೇ ಆಫ್‌ಸೆಟ್, ಯಾಕೆ ಬಿತ್ತು ಅಂತ ಸಂದೇಶದ ಜೊತೆಗೇ ಬರೆದಿರತ್ತೆ.

ಒಂದೇ ಒಂದು ಸಂದೇಶ ದಾಟಿಸ್ಬೇಕು ಅಂದ್ರೂ ಹೆಸರು ಬದಲಾಯಿಸೋದು ಬೇಡ. 2023ರಲ್ಲಿ ಬಂದ ಕಾಫ್ಕಾ 3.5ರಲ್ಲಿ ಸ್ಟಾಪ್ ಅನ್ನೋ ಸ್ಥಿತಿ ಸೇರಿಸಿದ್ರು, ಅದೇ ವರ್ಷ 3.6ರಲ್ಲಿ ನಿಲ್ಲಿಸಿರೋ ಕನೆಕ್ಟರ್‌ನ ಆಫ್‌ಸೆಟ್‌ನ ನೇರವಾಗಿ ತಿದ್ದೋಕೆ ಅವಕಾಶ ಕೊಟ್ರು. ನಿಲ್ಲಿಸಿ, ಚೀಟಿನ ಒಂದು ಹೆಜ್ಜೆ ಮುಂದೆ ಇಡಿ, ಮತ್ತೆ ಶುರು ಮಾಡಿ. ಪಾಜ್ ಮಾಡಿದ್ರೆ, ಅಂದ್ರೆ ತಾತ್ಕಾಲಿಕವಾಗಿ ತಡೆದ್ರೆ, ಸಾಲಲ್ಲ, ಸ್ಟಾಪೇ ಆಗ್ಬೇಕು.

ಹಾಗಾದ್ರೆ ಎಂಥ ಹೆಸರಿಡ್ಬೇಕು? ಯಾವ ಪರಿಸರ ಅಂದ್ರೆ ಪರೀಕ್ಷೆಯದ್ದಾ ನಿಜವಾದ ಬಳಕೆಯ ಪ್ರಾಡಕ್ಷನ್ನಾ, ಯಾವ ಡೇಟಾ, ಎಲ್ಲಿಗೆ, ಸೋರ್ಸಾ ಸಿಂಕಾ, ಇಷ್ಟು ಬಂದ್ರೆ ಸಾಕು. ಪ್ರಾಡ್ ಆರ್ಡರ್ಸ್ ರಿಪೋರ್ಟಿಂಗ್ ಸಿಂಕ್ ಅಂತಿಡಿ. ತಾರೀಕು ಬೇಡ, ನಿಮ್ಮ ಹೆಸರು ಬೇಡ, ವರ್ಷನ್ ನಂಬರ್ ಅಂತೂ ಬೇಡವೇ ಬೇಡ, ಯಾಕಂದ್ರೆ ವರ್ಷನ್ 1 ಅಂತ ಇಟ್ಟೋರಿಗೆ ನಾಳೆ ವರ್ಷನ್ 2 ಮಾಡೋಕೆ ಕೈ ತುರಿಸತ್ತೆ. ಪರಿಸರದ ಹೆಸರು ಯಾಕೆ ಅಂದ್ರೆ, ಒಂದೇ ಕಾಫ್ಕಾ ಮೇಲೆ ಎರಡು ಕನೆಕ್ಟ್ ಕ್ಲಸ್ಟರ್, ಅಂದ್ರೆ ವರ್ಕರ್‌ಗಳ ಎರಡು ಗುಂಪು, ಇಟ್ಟಿರೋರು ಇದಾರೆ, ಎರಡರಲ್ಲೂ ಒಂದೇ ಹೆಸರಿನ ಸಿಂಕ್ ಮಾಡಿದ್ರೆ ಎರಡೂ ಒಂದೇ ಕನ್ಸ್ಯೂಮರ್ ಗ್ರೂಪ್‌ಗೆ ಸೇರ್ಕೊಂಡು ಪಾರ್ಟಿಷನ್‌ಗಳನ್ನ ಹಂಚ್ಕೊಂಡು ಬಿಡತ್ತೆ, ಆ ಕಡೆ ಅರ್ಧ ಡೇಟಾ, ಈ ಕಡೆ ಅರ್ಧ ಡೇಟಾ, ಎರಡೂ ಕನ್ಸೋಲ್‌ನಲ್ಲಿ ಹಸಿರು.

ಟೈಮ್ ಆಗ್ತಾ ಬಂತು ಅಂತ ಸನ್ನೆ ಮಾಡ್ತಿದಾರೆ, ಮಿಕ್ಕಿದ್ದು ಬೇಗ ಹೇಳ್ತೀನಿ. ಜೆಡಿಬಿಸಿ ಸಿಂಕ್ ಮಾಡೋರು ಇನ್ಸರ್ಟ್ ಮೋಡ್‌ನ ಅಪ್ಸರ್ಟ್ ಮಾಡಿ, ಪ್ರೈಮರಿ ಕೀ ಯಾವುದು ಅಂತ ಹೇಳಿ. ಕನೆಕ್ಟ್ ಚೀಟಿನ ಉಳಿಸೋದು ಸಾಮಾನ್ಯವಾಗಿ 60 ಸೆಕೆಂಡಿಗೊಂದ್ಸಲ, ಮಧ್ಯೆ ವರ್ಕರ್ ಬಿದ್ರೆ ಕೊನೇ ಸ್ವಲ್ಪ ಸಂದೇಶಗಳು ಎರಡನೇ ಸಲ ಬರ್ಬಹುದು, ಅಪ್ಸರ್ಟ್ ಇದ್ರೆ ಬಂದ್ರೂ ಅದೇ ಸಾಲಿನ ಮೇಲೆ ಕೂರತ್ತೆ. ಪಟ್ಟಿಯಲ್ಲಿ ಕನೆಕ್ಟರ್ ಮುಂದೆ ರನ್ನಿಂಗ್ ಅಂತಿದ್ರೆ ಅಷ್ಟಕ್ಕೇ ನೆಮ್ಮದಿಯಾಗ್ಬೇಡಿ, ಒಳಗೆ ಹೋಗಿ ಟಾಸ್ಕ್ ನೋಡಿ, ಕನೆಕ್ಟರ್ ರನ್ನಿಂಗ್ ಇದ್ದು ಟಾಸ್ಕ್ ಫೇಲ್ ಆಗಿರ್ಬಹುದು, ಡೇಟಾ ಹೊರೋದು ಟಾಸ್ಕೇ. ಪಾಸ್‌ವರ್ಡ್‌ನ ಫಾರ್ಮ್‌ನಲ್ಲಿ ನೇರ ಬರೀಬೇಡಿ, ಅದು ಸೆಟ್ಟಿಂಗ್ಸ್ ಉಳಿಸೋ ಕಾನ್ಫಿಗ್ ಟಾಪಿಕ್‌ನಲ್ಲಿ ಹಾಗೇ ಹೋಗಿ ಕೂರತ್ತೆ, ವರ್ಕರ್ ನೋಡ್ಕೊಳ್ಳೋರಿಗೆ ಹೇಳಿ, ಪಾಸ್‌ವರ್ಡ್‌ನ ಬೇರೆ ಕಡೆಯಿಂದ ತಂದುಕೊಡೋ ಕಾನ್ಫಿಗ್ ಪ್ರೊವೈಡರ್ ಹಾಕಿಸ್ಕೊಳ್ಳಿ.

ಕೊನೇದು ಡೆಬೀಜಿಯಂ ಬಳಸೋರಿಗೆ. ಪೋಸ್ಟ್‌ಗ್ರೆಸ್ ಥರದ ಡೇಟಾಬೇಸ್‌ಗಳಿಂದ ಬದಲಾವಣೆ ಓದೋ ಸೋರ್ಸ್ ಅದು, ಪೋಸ್ಟ್‌ಗ್ರೆಸ್ ಆದ್ರೆ ಅದಕ್ಕೆ ಇನ್ನೊಂದು ಹೆಸರೂ ಇದೆ, ಸ್ಲಾಟ್ ನೇಮ್; ಸ್ಲಾಟ್ ಅಂದ್ರೆ ಓದೋರು ಎಲ್ಲಿವರೆಗೆ ಓದಿದಾರೆ ಅಂತ ಪೋಸ್ಟ್‌ಗ್ರೆಸ್ ತಾನೇ ಇಟ್ಕೊಳ್ಳೋ ಗುರುತು. ಏನೂ ಬರೀದೆ ಬಿಟ್ರೆ ಡೆಬೀಜಿಯಂ ಅಂತಲೇ ಇಟ್ಕೊಳತ್ತೆ, ಅದೇ ಡೇಟಾಬೇಸ್ ಮೇಲೆ ಎರಡನೇ ಕನೆಕ್ಟರ್ ಮಾಡೋಕೆ ಹೋದ್ರೆ ಸ್ಲಾಟ್ ಬಳಕೇಲಿದೆ ಅಂತ ಬೀಳತ್ತೆ, ಹಾಗಾಗಿ ಒಂದೊಂದಕ್ಕೂ ಬೇರೆ ಬೇರೆ ಕೊಡಿ. ಕನ್ಸೋಲ್‌ನಲ್ಲಿ ಆ ಕನೆಕ್ಟರ್‌ನ ಡಿಲೀಟ್ ಮಾಡಿದ್ರೂ ಸ್ಲಾಟ್ ಡೇಟಾಬೇಸ್‌ನಲ್ಲೇ ಉಳಿಯತ್ತೆ, ಓದೋರು ಬರ್ತಾರೆ ಅಂತ ಪೋಸ್ಟ್‌ಗ್ರೆಸ್ ಬದಲಾವಣೆಗಳನ್ನ ಬರೆದಿಡೋ ತನ್ನ ವಾಲ್ ಫೈಲ್‌ಗಳನ್ನ ಅಳಿಸದೆ ಇಟ್ಕೊಂಡೇ ಹೋಗತ್ತೆ, ಡಿಸ್ಕ್ ತುಂಬಿ ಡೇಟಾಬೇಸೇ ನಿಂತೋಗತ್ತೆ. ಕನೆಕ್ಟರ್ ಇನ್ನು ಬೇಡವೇ ಬೇಡ ಅಂತ ಖಾತ್ರಿ ಆದ್ಮೇಲೆ ಡೇಟಾಬೇಸ್ ನೋಡ್ಕೊಳ್ಳೋರಿಗೆ ಸ್ಲಾಟ್ ಹೆಸರು ಬರೆದು ಕೊಟ್ಟು, ಅವತ್ತೇ ತೆಗೆಸಿ. ನಮಸ್ಕಾರ.