ಮೊದಲು ಅಲುಗಾಟ ನಿಲ್ಲಿಸಿ

ನಮಸ್ಕಾರ. ಮಾಟುಂಗಾದಿಂದ ಡೊಂಬಿವಲಿಯವರೆಗೆ ರೇಡಿಯೋ ಮುಂದೆ ಕೂತಿರುವ ಎಲ್ಲರಿಗೂ. ನಿಮ್ಮ ಮನೆಯ ಲಾಫ್ಟ್‌ನಲ್ಲಿ ಹಳೇ ಸೂಟ್‌ಕೇಸಿನ ಹಿಂದೆ ಎಂಬತ್ತರ ದಶಕದ ಒಂದು ಹೋಮ್ ಕಂಪ್ಯೂಟರ್ ಮಲಗಿದೆಯೇ? ಟಿವಿಗೆ ಜೋಡಿಸಿ, ಕ್ಯಾಸೆಟ್‌ನಿಂದ ಆಟ ಲೋಡ್ ಮಾಡುತ್ತಿದ್ದ ಆ ಯಂತ್ರ? ಹಾಗಿದ್ದರೆ ಇವತ್ತಿನ ಮಾತು ನಿಮಗೆ. ಹೇಳುವುದು ಒಂದೇ ವಿಷಯ: ಮೊದಲು ಅಲುಗಾಟ ನಿಲ್ಲಿಸಿ, ಆಮೇಲೆ ರಿಪೇರಿ.

ಎಲ್ಲರೂ ಮಾಡುವುದು ಉಲ್ಟಾ. ಯಂತ್ರ ಆನ್ ಆಗಲಿಲ್ಲ ಅಂದರೆ ಸಾಕು, "ಚಿಪ್ ಹೋಗಿದೆ" ಅಂತ ಮುಂಬಯಿಯ ಎಲೆಕ್ಟ್ರಾನಿಕ್ಸ್ ಬಜಾರು ಲ್ಯಾಮಿಂಗ್ಟನ್ ರೋಡಿಗೆ ಓಡುತ್ತಾರೆ. ಅಯ್ಯೋ, ಸ್ವಲ್ಪ ತಡೆಯಿರಿ! ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ಒಂದೊಂದೇ ಕನೆಕ್ಟರನ್ನು ಬೆರಳಲ್ಲಿ ಮೆಲ್ಲಗೆ ಆಡಿಸಿ ನೋಡಿ. ಯಾವುದು ಆಡುತ್ತದೋ ಅದೇ ಕಳ್ಳ.

ಇದು ಇವತ್ತಿನ ರೋಗವೂ ಅಲ್ಲ. 1981ರಲ್ಲಿ ಬಂದ ಸಿಂಕ್ಲೇರ್ ಝಡ್‌ಎಕ್ಸ್ 81ಕ್ಕೆ ಇದ್ದ ಮೆಮೊರಿ ಬರೀ 1 ಕೆಬಿ. ಜಾಸ್ತಿ ಬೇಕೆಂದರೆ 16 ಕೆಬಿಯ ಒಂದು ಡಬ್ಬಿಯನ್ನು ಬೆನ್ನಿಗೆ ಸಿಕ್ಕಿಸಬೇಕಿತ್ತು. ಕೀ ಒತ್ತಿದಾಗ ಯಂತ್ರ ಕೊಂಚ ಅಲುಗಿ, ಬೆನ್ನಿನ ಡಬ್ಬಿಯೂ ಅಲುಗಿದರೆ ಟೈಪ್ ಮಾಡಿದ್ದೆಲ್ಲ ಹೋಯಿತು. ಜನ ಟೇಪು, ಅಂಟು, ಕೈಗೆ ಸಿಕ್ಕಿದ್ದೆಲ್ಲ ಹಚ್ಚಿ ಅದನ್ನು ನಿಲ್ಲಿಸುತ್ತಿದ್ದರು. 1980ರ ಆಪಲ್ 3ರಲ್ಲಿ ಚಿಪ್‌ಗಳೇ ಸಾಕೆಟ್‌ನಿಂದ ಎದ್ದು ಬರುತ್ತಿದ್ದವು. ಆಗ ಕಂಪನಿಯೇ ಕೊಟ್ಟ ಸಲಹೆ ಏನು ಗೊತ್ತಾ? ಯಂತ್ರವನ್ನು ಕೆಲವು ಇಂಚು ಎತ್ತಿ ಮೇಜಿನ ಮೇಲೆ ಬಿಡಿ ಅಂತ! ನೀವು ಹಾಗೆಲ್ಲ ಮಾಡಬೇಡಿ ಮಾರಾಯ್ರೆ. ಆನ್ ಮಾಡಿದಾಗ ಚಿಪ್ಪು ಬಿಸಿಯಾಗುತ್ತದೆ, ಆಫ್ ಮಾಡಿದಾಗ ತಣಿಯುತ್ತದೆ, ಮತ್ತೆ ಬಿಸಿಯಾಗುತ್ತದೆ. ಹಾಗೆ ಚಿಪ್ಪು ಕೂದಲೆಳೆಯಷ್ಟು ಮೇಲೇಳುತ್ತಾ ಹೋಗುತ್ತದೆ. ಹೆಬ್ಬೆರಳಲ್ಲಿ ನೇರ ಒತ್ತಿ ಕೂರಿಸಿ, ಸಾಕು.

ಡೊಂಬಿವಲಿಯ ಒಬ್ಬರ ಕತೆ ಹೇಳಲೇಬೇಕು. ಉಡುಪಿ ಕಡೆಯವರು, ಬ್ಯಾಂಕಿನಿಂದ ರಿಟೈರ್ ಆದವರು. ಅವರಲ್ಲಿ ಒಂದು ಸ್ಪೆಕ್ಟ್ರಂ ಪ್ಲಸ್ ಇತ್ತು. ಇಂಗ್ಲೆಂಡಿನ ಅದೇ ಸಿಂಕ್ಲೇರ್ ಕಂಪನಿಯ ಯಂತ್ರ, ಆದರೆ 1988ರಲ್ಲಿ ಪರವಾನಗಿ ಪಡೆದು ಡಿಬಿ ಸ್ಪೆಕ್ಟ್ರಂ ಪ್ಲಸ್ ಅಂತ ಭಾರತದಲ್ಲೂ ತಂದರಲ್ಲ, ಅದು. ನಾನು ಹೋದಾಗ ಯಂತ್ರ ಆನ್ ಇತ್ತು, ಪವರ್ ಪ್ಲಗ್ಗಿನ ಕೆಳಗೆ ಮಡಚಿಟ್ಟ ಹಳೇ ಲೋಕಲ್ ರೈಲಿನ ಪಾಸ್. ಅದನ್ನು ತೆಗೆದರೆ ಯಂತ್ರ ಸಾಯುತ್ತಿತ್ತು!

"ಮಗ ಹೇಳ್ತಾನೆ ಚಿಪ್ ಹೋಗಿದೆ ಅಂತ. ಆನ್‌ಲೈನ್‌ನಲ್ಲಿ ತರಿಸಿಯೂ ಆಯ್ತು," ಅಂದರು.

"ರಾಯರೇ, ಚಿಪ್ ಹೋಗಿದ್ದರೆ ನಿಮ್ಮ ಪಾಸ್ ಇಟ್ಟರೆ ಸರಿ ಹೋಗ್ತಿತ್ತಾ?" ಅಂದೆ.

ಪ್ಲಗ್ ಒಂಚೂರು ಆಡಿಸಿದೆ. ಟಿವಿ ಮಿಣುಕಿ, ಯಂತ್ರ ಆನ್ ಆಗುವಾಗ ಬರುವ 1982 ಸಿಂಕ್ಲೇರ್ ರಿಸರ್ಚ್ ಅನ್ನುವ ಸಾಲು ಹೊಸದಾಗಿ ಬಂತು. ಮತ್ತೆ ಆಡಿಸಿದೆ, ಮತ್ತೆ ಅದೇ ಸಾಲು. ಕ್ಯಾಸೆಟ್‌ನಿಂದ ನಿಮಿಷಗಟ್ಟಲೆ ಕಾದು ಲೋಡ್ ಮಾಡಿದ ಆಟ ಹೋಯಿತು ಅಂತ ಮೊಮ್ಮಗ ಮುಖ ಊದಿಸಿಕೊಂಡ. ಆಫ್ ಮಾಡಿ, ಕೇಸ್ ಬಿಚ್ಚಿ, ಬೋರ್ಡ್ ತಿರುವಿ ಭೂತಗನ್ನಡಿ ಹಿಡಿದೆ. ಪವರ್ ಸಾಕೆಟ್ಟಿನ ಕಾಲಿನ ಸುತ್ತ, ಸೋಲ್ಡರ್ ಅಂದರೆ ಲೋಹದ ಬೆಸುಗೆಯ ಮೇಲೆ, ಸಣ್ಣ ಕಪ್ಪು ಉಂಗುರದ ಹಾಗೆ ಬಿರುಕು. ಹಿಂದೆ ಯಾರೋ ರಿಪೇರಿಯವರು ಅದರ ಮೇಲೆ ಇನ್ನಷ್ಟು ಸೋಲ್ಡರ್ ಸುರಿದಿದ್ದರು. ಒಳಗಿನ ಬಿರುಕು ಹಾಗೇ ಇತ್ತು. ಇಷ್ಟು ವರ್ಷ ವೈರು ಎಳೆದೆಳೆದು ಆದದ್ದು ಅದು. ಸೋಲ್ಡರ್ ಇರುವುದು ಕರೆಂಟ್ ಹರಿಯಲಿ ಅಂತ, ಭಾರ ಹೊರಲಿ ಅಂತಲ್ಲ!

ಹಳೇ ಸೋಲ್ಡರನ್ನೆಲ್ಲ ವಿಕ್ ಅನ್ನುವ ಹೆಣೆದ ತಾಮ್ರದ ಪಟ್ಟಿಯಿಂದ ಹೀರಿ ತೆಗೆದೆ, ಹೊಸದು ಹಾಕಿದೆ. ಅರ್ಧ ಕೆಲಸ ಅಷ್ಟೇ. ಉಳಿದರ್ಧ: ವೈರನ್ನು ಸ್ವಲ್ಪ ಸಡಿಲ ಬಿಟ್ಟು, ಕೇಸಿನ ತಳಕ್ಕೆ ಅಂಟಿಸಿದ ಪುಟ್ಟ ಕ್ಲಿಪ್ಪಿಗೆ ಕಟ್ಟಿದೆ. ಈಗ ಎಳೆದರೆ ಎಳೆತ ಕ್ಲಿಪ್ಪಿನ ಮೇಲೆ, ಸಾಕೆಟ್ಟಿನ ಮೇಲಲ್ಲ. ಸ್ವಲ್ಪ ಹೊತ್ತಿಗೆ ಮೊಮ್ಮಗ ಓಡುತ್ತಾ ವೈರಿಗೆ ಕಾಲು ತಗುಲಿಸಿದ, ಟಿವಿಯಲ್ಲಿ ಗೆರೆ ಕೂಡ ಬರಲಿಲ್ಲ. ತರಿಸಿದ್ದ ಚಿಪ್ಪು ಡಬ್ಬಿಯಲ್ಲೇ ಇದೆ.

ಕತೆ ಉದ್ದವಾಯಿತು. ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ.

ಫೆವಿಕ್ವಿಕ್ ಮುಟ್ಟಲೇಬೇಡಿ. ನೀರಿನಂತಿರುತ್ತದೆ, ಸಂದಿನಲ್ಲಿ ಹರಿದು ಪಿನ್ನುಗಳ ಮೇಲೆ ಕೂರುತ್ತದೆ, ಆಮೇಲೆ ಕರೆಂಟೇ ಹೋಗದು. ಗ್ಲೂ ಗನ್ ಆಗಬಹುದು, ಯಾಕೆಂದರೆ ಅಂಚಿಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟರೆ ಆ ಗೋಂದು ಕಳಚಿ ಬರುತ್ತದೆ. ಅದನ್ನೂ ಕನೆಕ್ಟರಿನ ಮೈಗೆ ಮಾತ್ರ ಹಚ್ಚಿ, ಪಿನ್ನಿಗಲ್ಲ, ವೋಲ್ಟೇಜನ್ನು ಹಿಡಿತದಲ್ಲಿಡುವ, ಬಿಸಿಯಾಗುವ ರೆಗ್ಯುಲೇಟರ್ ಹತ್ತಿರವಂತೂ ಬೇಡವೇ ಬೇಡ.

ಸ್ಪೆಕ್ಟ್ರಂ ತೆರೆಯುವಾಗ ಮೇಲಿನ ಭಾಗವನ್ನು ರಪ್ಪನೆ ಎತ್ತಬೇಡಿ. ಕೀಬೋರ್ಡಿನಿಂದ ಎರಡು ಪ್ಲಾಸ್ಟಿಕ್ ಪಟ್ಟಿ ಬೋರ್ಡಿಗೆ ಹೋಗುತ್ತವೆ, ಹಳೆಯದಾಗಿ ಹಪ್ಪಳದಂತಾಗಿರುತ್ತವೆ. ಸಾಕೆಟ್ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ನಮ್ಮ ಮುಂಬಯಿಯ ಮಳೆ, ಕಡಲ ಗಾಳಿ ಕೇಳಬೇಕೇ, ಪಿನ್ನು ಕಪ್ಪಾಗಿಯೇ ಇರುತ್ತದೆ. ಗಟ್ಟಿ ಕನೆಕ್ಟರುಗಳನ್ನು ಎರಡು ಮೂರು ಸಲ ಹಾಕಿ ತೆಗೆದರೆ ಮೇಲಿನ ಕೊಳೆ ಉಜ್ಜಿ ಹೋಗುತ್ತದೆ. ಆ ಪಟ್ಟಿಗಳಿಗೆ ಮಾತ್ರ ಈ ಕಸರತ್ತು ಬೇಡ.

ಇನ್ನು ಸ್ಕ್ರೂ. ಒಳಗಿನ ಪ್ಲಾಸ್ಟಿಕ್ ಕಂಬ ಸೀಳಿದ್ದರೆ ಹೊರಗಿನಿಂದ ಎಂ-ಸೀಲ್ ಸುತ್ತಿ, ಒಂದು ದಿನ ಒಣಗಲು ಬಿಡಿ. ಮತ್ತೆ ಸ್ಕ್ರೂ ಹಾಕುವಾಗ ಮೊದಲು ಉಲ್ಟಾ ತಿರುಗಿಸಿ, ಟಿಕ್ ಅಂತ ಸ್ಕ್ರೂ ಹಿಂದೆ ಕೊರೆದ ಹಳೇ ಸುರುಳಿ ಗೆರೆಗೆ ಇಳಿದದ್ದು ಕೈಗೇ ಗೊತ್ತಾಗುತ್ತದೆ. ಅಲ್ಲಿಂದ ಮೆಲ್ಲಗೆ ಬಿಗಿ ಮಾಡಿ. ನಮಸ್ಕಾರ.