ಮೂರನೆಯ ಸಿಲಿಂಡರಿನ ಬಿಸಿ

ಕೇಳುಗರಿಗೆ ನಮಸ್ಕಾರ.

ನಮ್ಮ ತಂದೆಯವರು ಮೈಸೂರಿನಲ್ಲಿ ಓಡಿಸುತ್ತಿದ್ದ 1965ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಹನ್ನೊಂದು ವರ್ಷ ಹಿತ್ತಲಿನ ಶೆಡ್ಡಿನಲ್ಲೇ ನಿಂತಿತ್ತು. ಕಳೆದ ವರ್ಷ ನಾನೂ ನನ್ನ ಮಗನೂ ಸೇರಿ ಅದಕ್ಕೆ ಮತ್ತೆ ಜೀವ ಕೊಡಲು ಹೊರಟೆವು. ಪೆಟ್ರೋಲ್ ಟ್ಯಾಂಕು ತೊಳೆದು, ಎಣ್ಣೆ ಬದಲಾಯಿಸಿ, ಹೊಸ ಬ್ಯಾಟರಿ ಕೂರಿಸಿದಾಗ ಎಂಜಿನ್ ಸಲೀಸಾಗಿ ಶುರುವಾಯಿತು. ಒಂದಿಷ್ಟೂ ಕಟಕಟ ಸದ್ದಿಲ್ಲ. ಇಷ್ಟು ವರ್ಷದ ಮೇಲೂ ಎಷ್ಟು ನಯವಾಗಿ ಓಡುತ್ತಿದೆಯಲ್ಲ ಎಂದು ನಾವಿಬ್ಬರೂ ಹಿಗ್ಗಿದೆವು. ಆ ನಯವೇ ಕಾಯಿಲೆಯ ಲಕ್ಷಣ ಎಂಬುದು ಆಗ ಹೊಳೆಯಲಿಲ್ಲ.

ಚಾಮುಂಡಿ ಬೆಟ್ಟದ ಏರಿನಲ್ಲಿ ಅರ್ಧ ದಾರಿಗೆ ಬರುವಷ್ಟರಲ್ಲಿ ಕಾರಿನ ಕಸುವು ಉಡುಗಿಹೋಯಿತು. ಎಷ್ಟು ತುಳಿದರೂ ಏರಲೊಲ್ಲದು, ಕೊನೆಗೆ ನಿಂತೇಬಿಟ್ಟಿತು. ಮುಕ್ಕಾಲು ಗಂಟೆ ಬಿಟ್ಟು ನೋಡಿದರೆ ಏನೂ ಆಗದಂತೆ ಶುರುವಾಯಿತು. ತಣ್ಣಗಿದ್ದಾಗ ಸರಿ, ಬಿಸಿಯಾದರೆ ಕೆಡುವುದು. ಹಳೆಯ ಕಾರು ಇಟ್ಟುಕೊಂಡವರಿಗೆಲ್ಲ ಪರಿಚಿತವಾದ ತೊಂದರೆ ಇದು.

ಬೀಟಲ್ ಕಾರಿನ ಎಂಜಿನ್ ತಣಿಯುವುದು ಗಾಳಿಯಿಂದ. ಅದಕ್ಕೆ ರೇಡಿಯೇಟರ್ ಇಲ್ಲ, ನೀರು ಬೇಕಿಲ್ಲ. 1930ರ ದಶಕದಲ್ಲಿ ಫರ್ಡಿನಾಂಡ್ ಪೋರ್ಶೆ ಇದನ್ನು ರೂಪಿಸಿದ್ದು ಜರ್ಮನಿಯ ಸಾಮಾನ್ಯ ಜನರಿಗಾಗಿ. ಚಳಿಗಾಲದ ರಾತ್ರಿ ಬಯಲಲ್ಲಿ ನಿಲ್ಲಿಸಿದ ಕಾರಿನಲ್ಲಿ ನೀರು ಹೆಪ್ಪುಗಟ್ಟಿದರೆ ಎಂಜಿನ್ನೇ ಬಿರಿಯುತ್ತದೆ. ಗಾಳಿಗೆ ಆ ಭಯವಿಲ್ಲ. ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಶಾಫ್ಟಿನ ತುದಿಗೇ ಒಂದು ಫ್ಯಾನು ಇದೆ. ಅದು ಗಾಳಿಯನ್ನು ತಗಡಿನ ಗೂಡಿನೊಳಗೆ ತಳ್ಳಿ, ಪೆಟ್ರೋಲ್ ಉರಿಯುವ ನಾಲ್ಕು ಸಿಲಿಂಡರುಗಳ ಮೈಮೇಲಿನ ಲೋಹದ ರೆಕ್ಕೆಗಳ ನಡುವೆ ಹಾಯಿಸುತ್ತದೆ. ಡೈನಮೋ ಮತ್ತು ಫ್ಯಾನು ಎರಡಕ್ಕೂ ಒಂದೇ ಬೆಲ್ಟು. ಹಾಗಾಗಿ ಓಡುವಾಗ ಡೈನಮೋದ ಕೆಂಪು ದೀಪ ಹೊತ್ತಿಕೊಂಡರೆ, ಚಾರ್ಜ್ ಆಗುತ್ತಿಲ್ಲ ಅಷ್ಟೇ, ಮನೆ ಮುಟ್ಟೋಣ ಎಂದುಕೊಳ್ಳಬಾರದು. ಅಲ್ಲೇ ನಿಲ್ಲಿಸಿ ಬೆಲ್ಟು ನೋಡಬೇಕು. ಬಿಸಿ ತೋರಿಸುವ ಮುಳ್ಳು ಈ ಕಾರಿನಲ್ಲಿಲ್ಲ.

ನಾವು ಮೊದಲು ಅನುಮಾನಿಸಿದ್ದು ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್ ಅನ್ನು. ಬಿಸಿಯಾಗಿ ನಿಂತಾಗಲೂ ಕಿಡಿ ಚೆನ್ನಾಗಿಯೇ ಇತ್ತು. ಕಾರ್ಬುರೇಟರಿಗೆ ಪೆಟ್ರೋಲೂ ಬರುತ್ತಿತ್ತು. ಆಮೇಲೆ ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟೆವು. ಮೂರು ಪ್ಲಗ್ಗುಗಳ ಮೂತಿ ತಿಳಿ ಕಂದು, ಕಾಫಿಗೆ ಹಾಲು ಹೆಚ್ಚಾದ ಬಣ್ಣ. ಮೂರನೆಯ ಸಿಲಿಂಡರಿನದು ಮಾತ್ರ ಸುಣ್ಣದ ಹಾಗೆ ಬಿಳಿಚಿತ್ತು. ಅದು ಅತಿಯಾದ ಬಿಸಿಯ ಗುರುತು.

ಮರುದಿನ ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಟ್ಯಾಪೆಟ್ ನೋಡಿದೆವು, ಅಂದರೆ ವಾಲ್ವಿಗೂ ಅದನ್ನು ಒತ್ತಿ ತೆರೆಯುವ ತೋಳಿಗೂ ನಡುವಿನ ಸಣ್ಣ ಅಂತರವನ್ನು ಅಳೆದೆವು. ಈ ಕೆಲಸ ಯಾರಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು. ಬೆಲ್ಟಿನ ಕೆಳಗಿನ ಪುಲ್ಲಿಯ ಗುರುತನ್ನು ಎಂಜಿನ್ನಿನ ಹೊರಗವಚವಾದ ಕ್ರ್ಯಾಂಕ್‌ಕೇಸಿನ ಎರಡು ಭಾಗಗಳು ಕೂಡುವ ಗೆರೆಗೆ ಹೊಂದಿಸಬೇಕು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನೊಳಗೆ ತಿರುಗುವ ರೋಟರ್, ಡಿಸ್ಟ್ರಿಬ್ಯೂಟರಿನ ಅಂಚಿನ ಗೀರಿಗೆ ಮುಖ ಮಾಡಿದ್ದರೆ ಅದು ಒಂದನೆಯ ಸಿಲಿಂಡರಿನ ಸರದಿ. ಅಲ್ಲಿಂದ ಪುಲ್ಲಿಯನ್ನು ಹಿಮ್ಮುಖವಾಗಿ ಅರ್ಧರ್ಧ ಸುತ್ತು ತಿರುಗಿಸುತ್ತ ಹೋದರೆ ಎರಡು, ಮೂರು, ನಾಲ್ಕು ಅನುಕ್ರಮವಾಗಿ ಸಿಗುತ್ತವೆ. ನಮ್ಮ ಎಂಜಿನ್ನಿಗೆ ಇರಬೇಕಾದ ಅಂತರ 0.15 ಮಿಲಿಮೀಟರ್. ಇನ್ನೂ ಹಳೆಯ ಕೆಲವು ಎಂಜಿನ್ನುಗಳ ಅಳತೆ ಬೇರೆ, ಕೈಪಿಡಿ ನೋಡಿಯೇ ಮುಂದುವರಿಯಿರಿ. ಮೂರನೆಯ ಸಿಲಿಂಡರಿನ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವಿನ ಬಳಿ 0.05 ಮಿಲಿಮೀಟರಿನ ತೆಳು ಅಳತೆ ಪಟ್ಟಿಯೂ ತೂರಲಿಲ್ಲ. ಅಂತರವೇ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು. ಎಕ್ಸಾಸ್ಟ್ ವಾಲ್ವು ಉರಿಯುವ ಹೊಗೆಯ ದಾರಿಯಲ್ಲಿ ನಿಂತಿರುವಂಥದು. ಮುಚ್ಚಿಕೊಂಡು ತನ್ನ ಪೀಠಕ್ಕೆ ಒತ್ತಿಕೊಂಡಿರುವ ಗಳಿಗೆಯಲ್ಲಿ ಅದು ತನ್ನ ಬಿಸಿಯನ್ನು ಸಿಲಿಂಡರಿನ ಮುಚ್ಚಳವಾದ ಹೆಡ್ಡಿಗೆ ದಾಟಿಸುತ್ತದೆ. ಅಂತರ ಇಲ್ಲದಿದ್ದರೆ ಪೂರ್ತಿ ಮುಚ್ಚುವುದಿಲ್ಲ, ಬಿಸಿ ಇಳಿಯುವುದಿಲ್ಲ. ಕಾದು ಕಾದು ಹಿಗ್ಗುತ್ತದೆ, ಹಿಗ್ಗಿದಷ್ಟೂ ಅಂತರ ಇನ್ನೂ ಕಡಿಮೆ. ಕೊನೆಗೊಂದು ದಿನ ಅದರ ತಲೆ ಮುರಿದು ಪಿಸ್ಟನ್ ಮೇಲೆ ಬಿದ್ದರೆ ಎಂಜಿನ್ ಕಥೆ ಮುಗಿಯಿತು. ಸಡಿಲವಾದ ಟ್ಯಾಪೆಟ್ ಕಟಕಟ ಎಂದು ಕೂಗಿ ಕರೆಯುತ್ತದೆ. ಬಿಗಿಯಾದದ್ದು ಸದ್ದಿಲ್ಲದೆ ಸುಡುತ್ತದೆ.

ಹಾಗಾದರೆ ಮೂರನೆಯದಕ್ಕೇ ಏಕೆ ಹೀಗಾಯಿತು? ಈ ಮಾದರಿಯಲ್ಲಿ ಎಣ್ಣೆ ತಂಪು ಮಾಡುವ ಆಯಿಲ್ ಕೂಲರ್ ಫ್ಯಾನಿನ ಗೂಡಿನೊಳಗೇ, ಎಡಬದಿಯ ಸಿಲಿಂಡರುಗಳ ಮೇಲೆ ನಿಂತಿದೆ. ಮೂರನೆಯ ಸಿಲಿಂಡರಿಗೆ ಮೊದಲೇ ಗಾಳಿ ಕಡಿಮೆ. 1971ರ ಮಾದರಿಯಿಂದ ಕೂಲರನ್ನು ಪಕ್ಕಕ್ಕೆ ಸರಿಸಿದರು. ಆದರೂ ನಮ್ಮ ಕಾರು ತಂದೆಯವರ ಕಾಲದಲ್ಲಿ ಎಷ್ಟೋ ಸಲ ಬೆಟ್ಟ ಹತ್ತಿದ್ದುಂಟು. ಬೇರೆ ಏನೋ ಇರಬೇಕು ಎನಿಸಿ ಎಂಜಿನ್ ಇಳಿಸಿದೆವು. ನಾಲ್ಕು ಬೋಲ್ಟು, ಪೆಟ್ರೋಲ್ ಪೈಪು, ಕೇಬಲ್ಲು, ವೈರುಗಳು. ಕೆಳಗೆ ಟ್ರಾಲಿ ಜಾಕ್. ಮಧ್ಯಾಹ್ನದ ಊಟಕ್ಕೆ ಮೊದಲೇ ಎಂಜಿನ್ ನೆಲದ ಮೇಲಿತ್ತು.

ಫ್ಯಾನಿನ ಗೂಡು ಎತ್ತಿದಾಗ ಉತ್ತರ ಸಿಕ್ಕಿತು. ಕೂಲರಿನ ಬುಡದಿಂದ ಮೂರನೆಯ ಸಿಲಿಂಡರಿನ ರೆಕ್ಕೆಗಳವರೆಗೆ ಇಲಿ ಗೂಡು ಕಟ್ಟಿತ್ತು. ತೆಂಗಿನ ನಾರು, ಹಳೆಯ ಪತ್ರಿಕೆಯ ಚೂರು, ಹುಣಸೆ ಬೀಜ, ಎಲ್ಲವೂ ಎಣ್ಣೆ ಹೀರಿ ಬಿಸಿಗೆ ಕಪ್ಪಾಗಿ ಕರಿಕಾಗಿದ್ದವು. ಹೆಬ್ಬೆರಳಿನಿಂದ ಒತ್ತಿದರೂ ಕದಲದಷ್ಟು ಗಟ್ಟಿ. ಜೊತೆಗೆ ಎಂಜಿನ್ ಸುತ್ತಲಿನ ರಬ್ಬರ್ ಪಟ್ಟಿ ಒಣಗಿ ಚಕ್ಕೆ ಚಕ್ಕೆಯಾಗಿ ಉದುರಿತ್ತು. ಆ ಸಂದಿನಿಂದ ಎಂಜಿನ್ ತಳದ ಬಿಸಿಗಾಳಿ ಮೇಲೆ ಬಂದು, ಫ್ಯಾನು ಅದನ್ನೇ ಮತ್ತೆ ಎಳೆದುಕೊಳ್ಳುತ್ತಿತ್ತು. ಕಾರನ್ನು ರಿಪೇರಿಗೆ ಕೊಟ್ಟಾಗ ಈ ಪಟ್ಟಿಯನ್ನೂ ತಗಡುಗಳನ್ನೂ "ಬೇಡದ್ದು" ಎಂದು ತೆಗೆದಿಡುವವರಿದ್ದಾರೆ. ದಯವಿಟ್ಟು ಒಪ್ಪಬೇಡಿ. ನೀರಿನ ಕಾರಿಗೆ ರೇಡಿಯೇಟರ್ ಎಷ್ಟು ಮುಖ್ಯವೋ ಈ ಕಾರಿಗೆ ಆ ತಗಡುಗಳು ಅಷ್ಟೇ ಮುಖ್ಯ.

ಹೆಡ್ಡನ್ನು ಬಿಚ್ಚಿ ಹೊಸ ಎಕ್ಸಾಸ್ಟ್ ವಾಲ್ವು ಹಾಕಿಸಿ, ಲೇತ್ ಅಂಗಡಿಯಲ್ಲಿ ವಾಲ್ವಿನ ಪೀಠ ಉಜ್ಜಿಸಿದೆವು. 2003ರಲ್ಲಿ ಮೆಕ್ಸಿಕೋದಲ್ಲಿ ಕೊನೆಯ ಬೀಟಲ್ ತಯಾರಾಗುವ ಹೊತ್ತಿಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ಹಾಗಾಗಿ ಬಿಡಿಭಾಗಗಳು ಈಗಲೂ ಸಿಗುತ್ತವೆ.

ಪೆಟ್ರೋಲ್ ಪೈಪಿನ ವಿಷಯ ಬಿಡುವಂತಿಲ್ಲ. ಹಳೆಯ ರಬ್ಬರನ್ನು ಈಗಿನ ಎಥೆನಾಲ್ ಬೆರೆತ ಪೆಟ್ರೋಲು ಬೇಗ ತಿನ್ನುತ್ತದೆ. ಕಾರ್ಬುರೇಟರಿಗೆ ಪೆಟ್ರೋಲ್ ಒಳಬರುವ ಹಿತ್ತಾಳೆಯ ಕೊಳವೆ ಸಡಿಲವಾಗಿ ಕಳಚಿಕೊಳ್ಳುವುದೂ ಉಂಟು. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮಿದರೆ ಬೆಂಕಿ ಹತ್ತಲು ಕ್ಷಣ ಸಾಕು. ಇದರ ಕ್ರ್ಯಾಂಕ್‌ಕೇಸು ಮೆಗ್ನೀಸಿಯಮ್ ಮಿಶ್ರಲೋಹ, ಹೊತ್ತಿಕೊಂಡರೆ ನೀರು ಸುರಿಯುವುದು ಅಪಾಯ. ಕೆಲಸಕ್ಕೆ ಕೈ ಹಾಕುವ ಮುನ್ನ ಪೈಪುಗಳನ್ನೆಲ್ಲ ಬದಲಾಯಿಸಿ, ಪುಡಿ ತುಂಬಿದ ಅಗ್ನಿಶಾಮಕವನ್ನು ಕೈಗೆಟುಕುವಲ್ಲಿ ಇಡಿ.

ಹೋದ ತಿಂಗಳು ಮತ್ತೆ ಬೆಟ್ಟ ಹತ್ತಿದೆವು. ಇಳಿಯುವಾಗ ನಂದಿಯ ಬಳಿ ನಿಲ್ಲಿಸಿ ಮಗ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ಬೆರಳಲ್ಲಿ ಹಿಡಿದ. ಬಿಸಿಯಿತ್ತು, ಆದರೆ ಹಿಡಿದುಕೊಂಡೇ ಇರುವಷ್ಟು. ಹೊಸ ವಾಲ್ವು ಹಾಕಿ ಐನೂರು ಕಿಲೋಮೀಟರ್ ಆಗುತ್ತ ಬಂತು. ಬರುವ ಭಾನುವಾರ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಟ್ಯಾಪೆಟ್ ಮತ್ತೊಮ್ಮೆ ನೋಡಬೇಕು. ನಮಸ್ಕಾರ.